ಬುಧವಾರ ಹನ್ನೊಂದಕ್ಕೆ ಸೋರುವ ಅನಿಲ

ನಮ್ಮ ಜಿಲ್ಲೆಯ ವಿಷಾನಿಲಕ್ಕಿರುವ ಶಿಸ್ತು ನಮ್ಮ ಬಸ್ಸುಗಳಿಗಿಲ್ಲ. ಭಾನುವಾರ ಅದು ಸೋರುವುದಿಲ್ಲ. ಎರಡನೇ ಶನಿವಾರವೂ ಇಲ್ಲ. ರಾತ್ರಿ ಪಾಳಿಯಲ್ಲಂತೂ ಉಸಿರೇ ಬಿಡುವುದಿಲ್ಲ. ವಾರದ ನಡುವೆ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ, ಎಲ್ಲ ಇಲಾಖೆಗಳಿಗೂ ಪತ್ರ ಮುಟ್ಟಿದ ಮೇಲೆ, ಶಾಮಿಯಾನ ಕಟ್ಟಿಯಾದ ಮೇಲೆ, ಮೈಕಿನವನು ಮೂರು ಸಲ 'ಹಲೋ' ಅಂದ ಮೇಲೆ ಸೋರುತ್ತದೆ. ಉಪವಿಭಾಗಾಧಿಕಾರಿ ಎ.ಸಿ. ಸಾಹೇಬರ ಜೀಪು ತಡವಾದರೆ ಅನಿಲವೂ ಕಾಯುತ್ತದೆ. ನಾನು ಪತ್ರಿಕೆಯವನೆಂದು ಹೋಗಿ ಕೂತಿದ್ದ ದಿನ ಅದು ಹನ್ನೆರಡೂಕಾಲರವರೆಗೆ ಪೈಪಿನೊಳಗೇ ಕೈಕಟ್ಟಿ ನಿಂತಿತ್ತು.

ಊರಿನ ಹೆಸರು ಬೇಡ, ಕಾರ್ಖಾನೆಯದೂ ಬೇಡ. 'ಕೈಗಾರಿಕಾ ಪ್ರದೇಶ' ಎಂಬ ತುಕ್ಕು ಹಿಡಿದ ಕಮಾನು ಇರುವ ಯಾವ ಊರಾದರೂ ನಡೆದೀತು. ಅವತ್ತಿನದು ಅಣಕು ಕಾರ್ಯಾಚರಣೆ. ಸೈರನ್ ಮೊಳಗುವ ಮೊದಲೇ ಆಂಬುಲೆನ್ಸ್ ಬಂದು ಬೇವಿನ ಮರದ ನೆರಳು ಹಿಡಿದಿತ್ತು. ಅಗ್ನಿಶಾಮಕ ದಳದವರು ಪೈಪು ಬಿಚ್ಚಿ, ನೀರು ತುಂಬಿಸಿ, ಬೀಡಿಯನ್ನೂ ಮುಗಿಸಿದ್ದರು. ನರ್ಸಿಂಗ್ ಕಾಲೇಜಿನ ಹುಡುಗರು ಗಾಯಾಳುಗಳು. ಎಚ್ಚರ ತಪ್ಪಬೇಕಾದ ಹುಡುಗ ಮೊದಲು ನೆಲದ ಮೇಲೆ ಕರವಸ್ತ್ರ ಹಾಸಿದ, ಅದರ ಮೇಲೆ ತಲೆಯಿಟ್ಟ, ಆಮೇಲೆ ಎಚ್ಚರ ತಪ್ಪಿದ. ಸ್ಟ್ರೆಚರಿನಲ್ಲಿ ಎತ್ತಿಕೊಂಡು ಹೊರಟಾಗ ಫೋಟೋದವನು "ಸಾರ್, ಬರ್ಲಿಲ್ಲ, ಇನ್ನೊಂದ್ಸಲ" ಅಂದದ್ದರಿಂದ ಅವನನ್ನು ವಾಪಸ್ ವಿಷಾನಿಲದೊಳಕ್ಕೆ ಇಳಿಸಿ ಮತ್ತೊಮ್ಮೆ ಕಾಪಾಡಲಾಯಿತು. ಅರ್ಧ ಗಂಟೆಯೊಳಗೆ ಪರಿಸ್ಥಿತಿ ಸಂಪೂರ್ಣ ಹತೋಟಿಗೆ ಬಂತು. ಕೇಸರಿಬಾತ್ ಮಾತ್ರ ಹತೋಟಿಗೆ ಬರಲಿಲ್ಲ. ಎರಡನೇ ಪಂಕ್ತಿಗೇ ಮುಗಿಯಿತು.

ಇದೆಲ್ಲ ನಡೆಯುವಾಗ ಕಾಂಪೌಂಡಿನ ಆಚೆ, ಎಮ್ಮೆ ಹಗ್ಗ ಹಿಡಿದ ಒಬ್ಬ ಅಜ್ಜಿ ನಿಂತಿದ್ದರು. ಅವರ ಮನೆ ಗೋಡೆಗೂ ಕಾರ್ಖಾನೆ ಗೋಡೆಗೂ ನಡುವೆ ಒಂದು ಚರಂಡಿ, ಅಷ್ಟೆ. ಭಾಷಣ ಮುಗಿಸಿ ಹೊರಬಂದ ಅಧಿಕಾರಿಯೊಬ್ಬರನ್ನು ಅಜ್ಜಿ ಕೇಳಿದರು: "ಸಾಮಿ, ಈ ಕೊಳವೆ ನಿಜವಾಗ್ಲೂ ಕೂಗ್ಕೊಂಡ್ರೆ ನಾವೇನ್ ಮಾಡ್ಬೇಕು?"

"ಭಯಪಡಬಾರದು ಅಜ್ಜಿ."

"ಭಯ ಪಡಾಕಿಲ್ಲ ಬುಡಿ. ಯಾವ ಕಡಿಕ್ ಓಡೋದು, ಅದ್ನ ಏಳಿ."

ಅಧಿಕಾರಿ ಕಾರ್ಖಾನೆಯ ಸುರಕ್ಷತಾ ಅಧಿಕಾರಿಯ ಮುಖ ನೋಡಿದರು. ಅವರು ಮೇಲೆ, ಗಾಳಿಯ ದಿಕ್ಕು ತೋರಿಸುವ ಗಾಳಿಚೀಲದ ಕಡೆ ನೋಡಿದರು. ಚೀಲ ಹರಿದು ಕಂಬವಷ್ಟೇ ಉಳಿದಿತ್ತು. "ಎಲ್ಲಾ ಪ್ಲಾನಲ್ಲಿದೆ ಅಜ್ಜಿ" ಎಂದು ಅಧಿಕಾರಿ ಜೀಪು ಹತ್ತಿದರು.

ನಿಜ ಹೇಳಬೇಕೆಂದರೆ ಎಲ್ಲ ಪ್ಲಾನಿನಲ್ಲಿದೆ. ಕಾಗದದ ವಿಷಯದಲ್ಲಿ ನಮ್ಮ ದೇಶವನ್ನು ದೂರುವ ಹಾಗಿಲ್ಲ. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳಲ್ಲೇ ಬರೆದಿದೆ: ಕಾರ್ಖಾನೆಯ ಗೋಡೆಯಾಚೆ ಬದುಕುವವರಿಗೆ ಅಪಾಯ ಯಾವ ಬಗೆಯದು, ಅವಘಡವಾದರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ತಿಳಿಸುವುದು ಕಾರ್ಖಾನೆ ನಡೆಸುವವನ ಕರ್ತವ್ಯ. ತಾನೇ ಹೋಗಿ ಹೇಳಲಿ, ಜಿಲ್ಲಾಡಳಿತದ ಮೂಲಕ ಹೇಳಿಸಲಿ, ಹೇಳಲೇಬೇಕು. 1996ರಲ್ಲಿ ಇನ್ನೊಂದು ನಿಯಮಾವಳಿ ಬಂತು. ಅದರ ಪ್ರಕಾರ ದೆಹಲಿಯಿಂದ ಊರ ಬಾಗಿಲವರೆಗೆ ನಾಲ್ಕು ಮಜಲಿನ ಸಮಿತಿ. ಕೇಂದ್ರದ್ದು ಆರು ತಿಂಗಳಿಗೊಮ್ಮೆ ಸೇರಬೇಕು, ರಾಜ್ಯದ್ದು ಮೂರು ತಿಂಗಳಿಗೊಮ್ಮೆ, ಜಿಲ್ಲೆಯದು 45 ದಿನಕ್ಕೊಮ್ಮೆ, ಎಲ್ಲಕ್ಕಿಂತ ಕೆಳಗಿನ ಸ್ಥಳೀಯ ಸಮಿತಿ ತಿಂಗಳಿಗೊಮ್ಮೆ. ವಿಷದಿಂದ ದೂರ ಹೋದಷ್ಟೂ ಅವಸರ ಕಡಿಮೆ; ಇದು ಸಹಜ ನ್ಯಾಯ. ಸ್ಥಳೀಯ ಸಮಿತಿ ಆರು ತಿಂಗಳಿಗೊಂದು ಪೂರ್ಣ ಪ್ರಮಾಣದ ಅಣಕು ಕಾರ್ಯಾಚರಣೆ ಮಾಡಬೇಕು, ಸುತ್ತಲಿನ ಜನರಿಗೆ ತಿಳಿವಳಿಕೆ ಕೊಡಬೇಕು, ಯಾರು ಏನು ಕೇಳಿದರೂ ಉತ್ತರಿಸಬೇಕು.

ಇಷ್ಟೆಲ್ಲ ಬುದ್ಧಿ ಸರ್ಕಾರಕ್ಕೆ ಸುಮ್ಮನೆ ಬಂದದ್ದಲ್ಲ. 1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610ನೇ ಟ್ಯಾಂಕಿನಿಂದ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಹೊರಬಂತು. ಸರ್ಕಾರಿ ಲೆಕ್ಕದಲ್ಲೇ ಸಾವಿರಾರು ಜನ ಸತ್ತರು. ಗಾಳಿ ಹೋಗುತ್ತಿದ್ದ ದಿಕ್ಕಿಗೇ ಜನ ಓಡಿದರು. ಓಡಿದಷ್ಟೂ ಏದುಸಿರು, ಏದುಸಿರು ಬಿಟ್ಟಷ್ಟೂ ವಿಷ ಒಳಗೆ. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ಗಾಳಿಗೆ ಅಡ್ಡಲಾಗಿ ನಡೆಯಿರಿ ಎಂದು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು. ಆಸ್ಪತ್ರೆಯ ವೈದ್ಯರಿಗೆ ಅದು ಯಾವ ಅನಿಲ ಎಂದೂ ಗೊತ್ತಿರಲಿಲ್ಲ. ರಾಜ್‌ಕುಮಾರ್ ಕೇಸ್ವಾನಿ ಎಂಬ ಪತ್ರಕರ್ತ 1982ರಲ್ಲೇ ತಮ್ಮ ಸಣ್ಣ ಪತ್ರಿಕೆಯಲ್ಲಿ ಊರಿಗೆ ಊರೇ ಹೋದೀತು ಎಂದು ಎಚ್ಚರಿಸಿದ್ದರು. ಆಗ ಅದನ್ನು ಓದಿದವರು ಕಡಿಮೆ.

ಮರುವರ್ಷ ಅದೇ ಕಂಪನಿಯ ಅಮೆರಿಕದ ವೆಸ್ಟ್ ವರ್ಜೀನಿಯಾ ಕಾರ್ಖಾನೆಯಲ್ಲಿ ಅನಿಲ ಸೋರಿತು. 1986ರಲ್ಲಿ ಅಮೆರಿಕದವರು ಕಾಯ್ದೆ ಮಾಡಿ, ಊರೂರಿಗೆ ತುರ್ತು ಯೋಜನಾ ಸಮಿತಿ ರಚಿಸಿ, ನಿಮ್ಮ ಪಕ್ಕದ ಗೋದಾಮಿನಲ್ಲಿ ಏನಿದೆ ಎಂದು ತಿಳಿಯುವ ಹಕ್ಕನ್ನು ಜನರಿಗೆ ಕೊಟ್ಟರು. ನಮ್ಮವರು ಹೆಣ ಹೊತ್ತವರು. ಇಂಥದೇ ಸಮಿತಿಗೆ ನಮಗೆ 12 ವರ್ಷ ಹಿಡಿಯಿತು. ಹಾಗೆಂದು ಅಮೆರಿಕದ ಸಮಿತಿಗಳೆಲ್ಲ ದೇವಲೋಕದಿಂದ ಇಳಿದವು ಅಂದುಕೊಳ್ಳಬೇಡಿ. 2013ರ ಏಪ್ರಿಲ್‌ನಲ್ಲಿ ಟೆಕ್ಸಾಸಿನ ವೆಸ್ಟ್ ಎಂಬ ಸಣ್ಣ ಊರಿನಲ್ಲಿ ಗೊಬ್ಬರದ ಗೋದಾಮು ಹೊತ್ತಿ ಸಿಡಿಯಿತು. ಅಲ್ಲಿ ಅಮೋನಿಯಂ ನೈಟ್ರೇಟ್ ರಾಶಿ ಇರುವುದು ಸರ್ಕಾರಿ ಫಾರಂನಲ್ಲಿ ಚೊಕ್ಕವಾಗಿ ಭರ್ತಿಯಾಗಿತ್ತು. ಬೆಂಕಿ ಆರಿಸಲು ಹೋದವರಿಗೆ ಮಾತ್ರ ಅದು ಹೇಗೆ ಸಿಡಿಯುತ್ತದೆಂಬುದು ತಿಳಿದಿರಲಿಲ್ಲ. ಸತ್ತ 15 ಜನರಲ್ಲಿ 12 ಮಂದಿ ಕಾಪಾಡಲು ಓಡಿಹೋದವರು. ಫೈಲು ಎಲ್ಲ ದೇಶದಲ್ಲೂ ಒಂದೇ ಜಾತಿ.

ಈಗ ನಮ್ಮ ಸಮಿತಿಯೊಳಕ್ಕೆ ಬನ್ನಿ. ಉಪವಿಭಾಗಾಧಿಕಾರಿ ಅಧ್ಯಕ್ಷರು, ಕಾರ್ಖಾನೆಗಳ ನಿರೀಕ್ಷಕರು ಸದಸ್ಯ ಕಾರ್ಯದರ್ಶಿ. ಅಗ್ನಿಶಾಮಕ ಅಧಿಕಾರಿ, ಠಾಣಾಧಿಕಾರಿ, ತಾಲೂಕು ಪಂಚಾಯಿತಿ ಕಡೆಯವರು, ಆರೋಗ್ಯ ಕೇಂದ್ರದ ವೈದ್ಯರು, ಕಾರ್ಖಾನೆಯವರು, ರಾಸಾಯನಿಕ ಸಾಗಿಸುವ ಲಾರಿ ಮಾಲೀಕರು ಇಬ್ಬರು, ಊರಿನ ಹೆಸರಾಂತ ಡಾಕ್ಟರು ಇಬ್ಬರು, ಸಮಾಜ ಸೇವಕರು ಇಬ್ಬರು, ಪಕ್ಕದ ಹಳ್ಳಿಯ ಮುಖಂಡರು. ಕೊನೆಗೆ, ನಮ್ಮ ಕುಲದವರನ್ನೂ ಬಿಡದೆ, ಸ್ಥಳೀಯ ಪತ್ರಿಕೆಯ ಸಂಪಾದಕ. ಇದು ನನ್ನ ಕುಹಕವಲ್ಲ, ನಿಯಮದ ಅನುಸೂಚಿಯಲ್ಲೇ ಇದೆ. ಕೇಸ್ವಾನಿ ಹೇಳಿದ್ದನ್ನು ಕೇಳದೆ ಕೆಟ್ಟೆವು ಎಂದೋ ಏನೋ ಸಂಪಾದಕನಿಗೊಂದು ಕುರ್ಚಿ ಹಾಕಿದ್ದಾರೆ. ಅವನು ಅಲ್ಲಿ ಕೂತು 'ಅಣಕು ಕಾರ್ಯಾಚರಣೆ ಯಶಸ್ವಿ' ಎಂದು ಮೂರು ಕಾಲಂ ಬರೆಯುತ್ತಾನೆ. ಪಕ್ಕದಲ್ಲಿ ಅದೇ ಕಾರ್ಖಾನೆಯ ರಾಜ್ಯೋತ್ಸವ ಶುಭಾಶಯದ ಜಾಹೀರಾತು.

ಕಾಗದದ ಮೇಲೆ ಇಂಥ ಸಮಿತಿಯನ್ನು ಮೀರಿಸುವುದು ಕಷ್ಟ. ಆದರೆ ಎ.ಸಿ. ಸಾಹೇಬರು ಒಬ್ಬರೇ, ಅವರ ಮೇಜಿಗೆ ಜಮೀನಿನ ತಕರಾರು, ಚುನಾವಣೆ, ಜಾತ್ರೆ, ಮಂತ್ರಿಗಳ ಪ್ರವಾಸ ಎಲ್ಲ ಬರಬೇಕು. ಹಾಗಾಗಿ ತಿಂಗಳ ಸಭೆ ಮುಂದಕ್ಕೆ ಹೋಗುತ್ತದೆ. ಮುಂದೆ ಹೋಗಿ ಹೋಗಿ ಮುಂದಿನ ಎ.ಸಿ.ಯ ಕಾಲಕ್ಕೆ ಬೀಳುತ್ತದೆ. ಸೇರಿದಾಗ ಪಂಚಾಯಿತಿ ಅಧ್ಯಕ್ಷೆಯ ಪರವಾಗಿ ಅವರ ಯಜಮಾನರು, ವೈದ್ಯರ ಪರವಾಗಿ ಕಾಂಪೌಂಡರು, ಠಾಣಾಧಿಕಾರಿಯ ಪರವಾಗಿ ಒಬ್ಬ ಪೇದೆ. ಹೆಸರಾಂತ ಡಾಕ್ಟರಿಬ್ಬರಲ್ಲಿ ಒಬ್ಬರು ಚರ್ಮರೋಗ ತಜ್ಞರು, ಇನ್ನೊಬ್ಬರು ಮಗನ ಜೊತೆ ಮೆಲ್ಬರ್ನಿನಲ್ಲಿ. ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸಲಾಗುತ್ತದೆ. ಗಾಳಿಚೀಲ ಬದಲಿಸುವ ಬಗ್ಗೆ ಅನುಪಾಲನಾ ವರದಿ ಕೇಳಲಾಗುತ್ತದೆ. 'ಕ್ರಮ ಜರುಗಿಸಲಾಗುತ್ತಿದೆ' ಎಂಬ ಉತ್ತರವನ್ನು ಸಭೆ ಗಮನಿಸುತ್ತದೆ. ಗಮನಿಸುವುದರಲ್ಲಿ ನಮ್ಮ ಸಭೆಗಳನ್ನು ಹಿಂದಿಕ್ಕುವವರಿಲ್ಲ.

ಒಂದು ಸಭೆಯಲ್ಲಿ ಯಾರೋ ಒಬ್ಬರು, ಬಹುಶಃ ಹೊಸಬರು, ಹಳ್ಳಿಯ ಮನೆಮನೆಗೆ ಒಂದು ಕರಪತ್ರ ಹಂಚೋಣವೇ ಎಂದು ಕೇಳಿದರು. ಕಾರ್ಖಾನೆಯ ಪ್ರತಿನಿಧಿ ಬಹಳ ನಯವಾಗಿ ಅಂದರು: "ಸಾರ್, ಹೇಳೋದ್ರಲ್ಲಿ ನಮಗೇನೂ ಅಭ್ಯಂತರ ಇಲ್ಲ. ಆದ್ರೆ ಜನ ಗಾಬರಿ ಆಗ್ತಾರೆ." ಸಭೆ ಒಪ್ಪಿತು. ಜನರ ನೆಮ್ಮದಿ ಮುಖ್ಯ. ಸಾಯುವ ಮನುಷ್ಯ ಗಾಬರಿಯಿಲ್ಲದೆ ಸಾಯಬೇಕು ಎಂಬುದು ಈ ಸಿದ್ಧಾಂತ.

ಅಜ್ಜಿಗೆ ಹೇಳಿದ ಆ ತುರ್ತು ಪ್ಲಾನ್ ಪುಸ್ತಕದ ಸೊಗಸೇ ಬೇರೆ. ಇನ್ನೂರು ಚಿಲ್ಲರೆ ಪುಟ, ಸ್ಪೈರಲ್ ಬೈಂಡಿಂಗ್, ಮೇಲೆ ಪಾರದರ್ಶಕ ಹಾಳೆ. ಸಮಿತಿಗೆ ಸಂಬಂಧಿಸಿದ ಪಾರದರ್ಶಕತೆ ಅದೊಂದೇ. ಬರೆದದ್ದು ಸಲಹಾ ಸಂಸ್ಥೆ. ಕಂಪ್ಯೂಟರಿನಲ್ಲಿ ಗಾಳಿಯ ವೇಗ, ಟ್ಯಾಂಕಿನ ಗಾತ್ರ ಹಾಕಿ ಅನಿಲ ಎಲ್ಲಿಯವರೆಗೆ ಹೋಗುತ್ತದೆಂದು ನಕ್ಷೆಯ ಮೇಲೆ ಕೆಂಪು, ಕಿತ್ತಳೆ, ಹಳದಿ ಗೆರೆ ಎಳೆದಿದ್ದಾರೆ. ಗೆರೆಯೊಳಗಿನ ಜನಸಂಖ್ಯೆ 2011ರ ಜನಗಣತಿಯದು. ಆಮೇಲೆ ಅಲ್ಲಿ ಎದ್ದ ಬಡಾವಣೆ, ತಗಡಿನ ಶೆಡ್ಡುಗಳಲ್ಲಿ ತುಂಬಿರುವ ಬಿಹಾರ, ಒಡಿಶಾದ ಹುಡುಗರು, ಖಾಸಗಿ ನರ್ಸರಿ ಶಾಲೆ ಯಾವುದೂ ಇನ್ನೂ ಹುಟ್ಟಿಲ್ಲ. ಕಡಲು ನೂರಾರು ಮೈಲಿ ದೂರವಿರುವ ಈ ಊರಿನ ಯೋಜನೆಯಲ್ಲಿ 'ಮೀನುಗಾರರು ಕೂಡಲೇ ದಡಕ್ಕೆ ಮರಳಬೇಕು' ಎಂದೊಂದು ಸೂಚನೆ ಇದೆ. ಯಾವ ಜಿಲ್ಲೆಯಿಂದ ಎತ್ತಿದ್ದೆಂದು ಊಹಿಸಿ. ತುರ್ತು ದೂರವಾಣಿ ಪಟ್ಟಿಯಲ್ಲಿ ಮೊದಲ ಹೆಸರಿನವರು ವರ್ಗವಾಗಿದ್ದಾರೆ, ಎರಡನೆಯವರು ನಿವೃತ್ತರು, ಮೂರನೆಯದು ಲ್ಯಾಂಡ್‌ಲೈನು. ಜನ ಒಟ್ಟುಗೂಡಬೇಕಾದ ಜಾಗವೆಂದು ಗುರುತಿಸಿರುವುದು ಜೂನಿಯರ್ ಕಾಲೇಜಿನ ಮೈದಾನ. ಅದು ತಗ್ಗಿನಲ್ಲಿದೆ. ಈ ಕಾರ್ಖಾನೆಯಲ್ಲಿರುವುದು ಕ್ಲೋರಿನ್. ಅದು ಗಾಳಿಗಿಂತ ಎರಡೂವರೆ ಪಟ್ಟು ತೂಕ, ತಗ್ಗು ಹುಡುಕಿಕೊಂಡು ಹೋಗುತ್ತದೆ. ಹೀಗೆ ಜನರನ್ನೂ ಅನಿಲವನ್ನೂ ಒಂದೇ ಮೈದಾನದಲ್ಲಿ ಸೇರಿಸುವ ಯೋಜನೆ ಮೂರು ಪ್ರತಿಗಳಲ್ಲಿ ಅನುಮೋದನೆಯಾಗಿದೆ.

ಇನ್ನು ಯಾವ ಕಾರ್ಖಾನೆಗೆ ಈ ಪ್ಲಾನಿನ ಭಾಗ್ಯ ಎಂಬ ಪ್ರಶ್ನೆ. ನಿಯಮದಲ್ಲಿ ಪ್ರತಿ ರಾಸಾಯನಿಕಕ್ಕೂ ಒಂದು ಮಿತಿಯಿದೆ. ಕ್ಲೋರಿನ್ನಿಗೆ 10 ಟನ್. ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಅದು ಭಾರಿ ಅಪಾಯದ ಘಟಕ. ಟನ್ನರ್ ಎಂಬ ದೊಡ್ಡ ಸಿಲಿಂಡರು ಒಂದೆಂದರೆ 900 ಕಿಲೋ ಕ್ಲೋರಿನ್. ಹನ್ನೊಂದು ಟನ್ನರ್ ಇಟ್ಟುಕೊಂಡವನ ಬಳಿ 9,900 ಕಿಲೋ ಆಯಿತು. ಅವನು ನಿರಪಾಯಿ ಗೃಹಸ್ಥ. ಹನ್ನೆರಡನೆಯದು ಗೇಟಿನೊಳಗೆ ಬಂದರೆ ಮಾತ್ರ ಸುತ್ತಲಿನವರ ಪ್ರಾಣಕ್ಕೆ ಭಾರಿ ಅಪಾಯ. ಹನ್ನೊಂದನೆಯದು ಸೋರಿದರೆ ಅದು ಬರೀ ಕೆಮ್ಮು. ನೀರು ಶುದ್ಧೀಕರಣ ಘಟಕ, ಮಂಜುಗಡ್ಡೆ ಕಾರ್ಖಾನೆ, ಶೈತ್ಯಾಗಾರಗಳಲ್ಲಿ ಎಷ್ಟೋ ಇಂಥ ಗೆರೆಗಳ ಕೆಳಗೆ ತಣ್ಣಗೆ ಕೂತಿವೆ. 2024ರ ಜೂನಿನಲ್ಲಿ ಮೈಸೂರಿನಲ್ಲಿ ಹಳೇ ಸಿಲಿಂಡರಿನಿಂದ ಕ್ಲೋರಿನ್ ಸೋರಿ ಅಕ್ಕಪಕ್ಕದವರು ಆಸ್ಪತ್ರೆ ಸೇರಿದ್ದು ಗುಜರಿ ಅಂಗಡಿಯಿಂದ. ಗುಜರಿ ಅಂಗಡಿ ಯಾವ ಅನುಸೂಚಿಯಲ್ಲೂ ಇಲ್ಲ. ಮುಂಬಯಿಯ ಶಿವಡಿಯಲ್ಲಿ 2010ರಲ್ಲಿ ಸೋರಿದ ಸಿಲಿಂಡರುಗಳಂತೂ ವಾರಸುದಾರರಿಲ್ಲದೆ ಬಂದರಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದವು. ಸಮಿತಿ ನೋಟಿಸು ಕಳಿಸಬೇಕಾದರೂ ಒಬ್ಬ ಯಜಮಾನ ಬೇಕಲ್ಲ?

ಅಪಾಯಕ್ಕೆ ಗೋಡೆ ಇರಬೇಕು ಎಂಬುದು ಸಮಿತಿಯ ನಂಬಿಕೆ. ಅದಕ್ಕೆ ಚಕ್ರ ಇದ್ದರೆ? ಮಂಗಳೂರಿನಿಂದ ಘಟ್ಟ ಹತ್ತುವ ಅನಿಲ ಟ್ಯಾಂಕರುಗಳ ಹಿಂದೆ ಸಿಕ್ಕಿಕೊಂಡವರಿಗೆ ಗೊತ್ತು. ಟೆಕ್ಸಾಸಿನಲ್ಲಿ ಗೋದಾಮು ಸಿಡಿದ ಅದೇ ತಿಂಗಳು, 2013ರ ಏಪ್ರಿಲ್‌ನಲ್ಲಿ, ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಮಗುಚಿ ಹೊತ್ತಿಕೊಂಡಿತು. ಹೆದ್ದಾರಿ ಬದಿಯ ಮನೆಗಳೂ ಉರಿದವು, ಜನ ಸತ್ತರು. ಅವರು ಯಾವ ಕೈಗಾರಿಕಾ ಪ್ರದೇಶದಲ್ಲೂ ಮನೆ ಕಟ್ಟಿರಲಿಲ್ಲ. ಕೈಗಾರಿಕೆಯೇ ಅವರ ಮನೆ ಮುಂದೆ ಬಂದಿತ್ತು. ಟ್ಯಾಂಕರಿನ ಬೆನ್ನ ಮೇಲೆ ಒಂದು ಸಂಖ್ಯೆ ಬರೆದಿರುತ್ತದೆ: 1075 ಅಂದರೆ ಅಡುಗೆ ಅನಿಲ, 1005 ಅಂದರೆ ಅಮೋನಿಯಾ, 1017 ಅಂದರೆ ಕ್ಲೋರಿನ್. ಹೆದ್ದಾರಿಯ ಚಹಾ ಅಂಗಡಿಯವರಿಗೆ, ಪಂಕ್ಚರ್ ಹಾಕುವವರಿಗೆ, ಗಸ್ತಿನ ಪೊಲೀಸರಿಗೆ ಈ ಮೂರು ಸಂಖ್ಯೆ ಬಾಯಿಪಾಠ ಮಾಡಿಸಲು ಒಂದು ಮಧ್ಯಾಹ್ನ ಸಾಕು. ಆದರೆ ಅದಕ್ಕೆ ಶಾಮಿಯಾನ ಬೇಕಾಗುವುದಿಲ್ಲ. ಶಾಮಿಯಾನ ಇಲ್ಲದ ಕೆಲಸಕ್ಕೆ ಬಿಲ್ ಆಗುವುದಿಲ್ಲ.

ಇಷ್ಟು ಓದಿಯೂ ಸೈರನ್ ಎಂಬುದೊಂದು ಇದೆಯಲ್ಲ ಎಂದು ಧೈರ್ಯ ತಂದುಕೊಳ್ಳುವವರು ವಿಶಾಖಪಟ್ಟಣವನ್ನು ನೆನೆಯಬಹುದು. 2020ರ ಮೇ 7, ಬೆಳಗಿನ ಜಾವ. ಎಲ್.ಜಿ. ಪಾಲಿಮರ್ಸ್ ಕಾರ್ಖಾನೆಯ ಟ್ಯಾಂಕಿನಿಂದ ಸ್ಟೈರೀನ್ ಆವಿ ಎದ್ದು ಪಕ್ಕದ ವೆಂಕಟಾಪುರದೊಳಕ್ಕೆ ನುಗ್ಗಿತು. ಹನ್ನೆರಡು ಜನ ಸತ್ತರು. ಆಮೇಲೆ ಆಂಧ್ರ ಸರ್ಕಾರದ ಉನ್ನತ ಸಮಿತಿ ಹೋಗಿ ನೋಡಿತು. ಸೈರನ್ ಇತ್ತು. ಒತ್ತುವ ಗುಂಡಿಗಳು 36 ಕಡೆ ಇದ್ದವು, ಗೇಟಿನ ಹತ್ತಿರವೂ ಒಂದಿತ್ತು. ಯಾರೂ ಒತ್ತಿರಲಿಲ್ಲ. ಆ ಅನಿಲಕ್ಕೆ ನಮ್ಮ ಜಿಲ್ಲೆಯ ಶಿಸ್ತು ಇರಲಿಲ್ಲ: ಎ.ಸಿ. ಸಾಹೇಬರು ಏಳುವ ಮೊದಲೇ, ಆಂಬುಲೆನ್ಸ್ ಬಂದು ನೆರಳು ಹಿಡಿಯುವ ಮೊದಲೇ, ಪತ್ರವಿಲ್ಲದೆ, ನೋಟಿಸಿಲ್ಲದೆ ಬಂದಿತ್ತು.

ಗುಂಡಿ ಯಾಕೆ ಒತ್ತುವುದಿಲ್ಲ ಎಂಬುದನ್ನು ತಿಳಿಯಲು ಉನ್ನತ ಸಮಿತಿ ಬೇಕಿಲ್ಲ, ಯಾವ ಕಾರ್ಖಾನೆಯ ಕ್ಯಾಂಟೀನಿನಲ್ಲಾದರೂ ಕೂತು ಕೇಳಿ. ರಾತ್ರಿ ಪಾಳಿಯ ಗುತ್ತಿಗೆ ಹುಡುಗನ ಯೋಚನೆ ಸರಳ. ಒತ್ತಿದ ಮೇಲೆ ಏನೂ ಆಗಿಲ್ಲ ಅಂತಾದರೆ ಬೆಳಿಗ್ಗೆ ಮೆಮೊ ನನಗೆ. ಒತ್ತದೆ ಏನಾದರೂ ಆದರೆ ಮೆಮೊ ಮೇಲಿನವರಿಗೆ. ಈ ಲೆಕ್ಕವನ್ನು ತಿರುಗಿಸಿ ಹಾಕುವ ಒಂದು ಸಾಲು, ಸುಳ್ಳು ಗಾಬರಿಗೆ ಶಿಕ್ಷೆಯಿಲ್ಲ ಎಂಬ ಒಂದೇ ಒಂದು ಸಾಲು, ಆ ಇನ್ನೂರು ಚಿಲ್ಲರೆ ಪುಟಗಳಲ್ಲಿ ಎಲ್ಲೂ ಇಲ್ಲ. ಮೀನುಗಾರರಿಗೆ ಸೂಚನೆ ಇದೆ.

ಈ ಸಮಿತಿ ಬರ್ಖಾಸ್ತಾಗಬೇಕು ಎಂದು ನಾನು ಹೇಳುತ್ತಿಲ್ಲ. ಅದನ್ನು ಪರಿಶೀಲಿಸಲು ಇನ್ನೊಂದು ಸಮಿತಿ ಆಗುತ್ತದೆ, ಅದಕ್ಕೂ ಕೇಸರಿಬಾತ್ ಬೇಕು. ನಿಯಮ ಚೆನ್ನಾಗಿದೆ, ಅದರಲ್ಲಿ ನಿಮಗೂ ಒಂದು ಪಾತ್ರವಿದೆ: ಕೇಳುವವರು. ಕೇಳಿದವರಿಗೆ ಮಾಹಿತಿ ಕೊಡುವುದು ಸ್ಥಳೀಯ ಸಮಿತಿಯ ಕೆಲಸ ಎಂದು 1996ರ ನಿಯಮ ಸ್ಪಷ್ಟವಾಗಿ ಹೇಳಿದೆ. ಆ ಅಜ್ಜಿಯನ್ನು ಬಿಟ್ಟರೆ ಈವರೆಗೆ ನಾವು ಕೇಳಿಲ್ಲ, ಅವರು ಹೇಳಿಲ್ಲ; ಇಬ್ಬರಿಗೂ ಸುಖವಾಗಿದೆ.

ಬಾಯಲ್ಲಿ ಕೇಳಿದರೆ 'ಪ್ಲಾನಲ್ಲಿದೆ' ಎಂದು ಜೀಪು ಹತ್ತುತ್ತಾರೆ, ಆದ್ದರಿಂದ ಬರವಣಿಗೆಯಲ್ಲಿ ಕೇಳಿ. ಮಾಹಿತಿ ಹಕ್ಕಿನ ಅರ್ಜಿ ನಮ್ಮ ರಾಜ್ಯದಲ್ಲಿ 150 ಪದ ಮೀರಬಾರದೆಂಬ ನಿಯಮವಿದೆ. ಇದಕ್ಕೆ ಅಷ್ಟೂ ಬೇಡ. ಸಮಿತಿಯ ಸದಸ್ಯ ಕಾರ್ಯದರ್ಶಿಯಾದ ಕಾರ್ಖಾನೆಗಳ ನಿರೀಕ್ಷಕರ ಕಚೇರಿಗೆ ಬರೆಯಿರಿ: ನಮ್ಮ ಊರ ಪಕ್ಕದ ಕಾರ್ಖಾನೆಯಲ್ಲಿ ಯಾವ ರಾಸಾಯನಿಕ ಎಷ್ಟಿದೆ, ಅದು ಸೋರಿದರೆ ನಾವು ಯಾವ ದಿಕ್ಕಿಗೆ ಹೋಗಬೇಕು, ಸೈರನ್ ಒತ್ತುವವರು ಯಾರು, ಕಳೆದ 12 ತಿಂಗಳ 12 ಸಭೆಗಳ ನಡಾವಳಿಯ ಪ್ರತಿ ಕೊಡಿ. ಮಾಮೂಲು ಅರ್ಜಿಗೆ 30 ದಿನದೊಳಗೆ ಉತ್ತರ ಕೊಡಬೇಕು. ಪ್ರಾಣಕ್ಕೆ ಸಂಬಂಧಿಸಿದ್ದಾದರೆ 48 ಗಂಟೆಯೊಳಗೆ ಎಂದು ಕಾಯ್ದೆ ಹೇಳುತ್ತದೆ. ಇದು ಪ್ರಾಣಕ್ಕೆ ಸಂಬಂಧಿಸಿದ್ದು ಎಂದು ಅರ್ಜಿಯ ಮೇಲೆಯೇ ಬರೆಯಿರಿ. ಪಕ್ಕದ ಮನೆಯವರಿಂದಲೂ ಒಂದು ಹಾಕಿಸಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸುವುದನ್ನು ಮರೆಯಬೇಡಿ.